ಶೀಟಿನ ಮೂಲೆ ಮೊದಲು ಹಾರುದು ಯಾಕೆ? ನಾನ್-ಗೌಸಿಯನ್ ಗಾಳಿಯ ಲೆಕ್ಕ ಮಾಡುವ ಕ್ರಮ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ಟೆರೇಸಿನ ಮೇಲೆ ಶೀಟ್ ಇಲ್ಲದ ಮನೆ ಹುಡುಕುದೇ ಕಷ್ಟ, ಅಡಿಕೆ ಒಣಗಿಸ್ಲಿಕ್ಕೆ ಬೇಕು, ಟೆರೇಸ್ ಸೋರದ ಹಾಗೆ ಬೇಕು, ಮದುವೆ ಉಪನಯನಕ್ಕೆ ಊಟದ ಪಂಕ್ತಿ ಹಾಕ್ಲಿಕ್ಕೂ ಆಗ್ತದೆ. ಜೂನ್ ಜುಲೈಯಲ್ಲಿ ಒಂದು ಜೋರು ಗಾಳಿಮಳೆ ಬಂದ ಮರುದಿನ ಸುತ್ತ ನೋಡಿ. ಹಾರಿ ತೋಟಕ್ಕೆ ಬಿದ್ದ ಶೀಟ್ ಹೆಚ್ಚಾಗಿ ಮೂಲೆದ್ದು, ಇಲ್ಲದಿದ್ರೆ ಅಂಚಿನದ್ದು. ನಡುವಿನ ಶೀಟ್ ಅಲ್ಲೇ ಇರ್ತದೆ. ಅದೇ ಶೀಟ್, ಅದೇ ಸ್ಕ್ರೂ, ಅದೇ ಗಾಳಿ, ಆದ್ರೂ ಮೂಲೆ ಮಾತ್ರ ಯಾಕೆ ಹೋಗ್ತದೆ ಅಂತ ಕೇಳಿದ್ರೆ ಅದರ ಉತ್ತರದ ಅರ್ಧ ಭಾಗ ಈ ನಾನ್-ಗೌಸಿಯನ್ ಅನ್ನುವ ಶಬ್ದದಲ್ಲಿ ಉಂಟು.

ನಾನು ಸ್ಟ್ರಕ್ಚರಲ್ ಇಂಜಿನಿಯರ್, ಕೆಲಸ ಹೆಚ್ಚು ಮಾಡುದು ಗೋಡೌನ್, ಶೆಡ್, ಶಾಲೆಯ ಮಾಡು (ಛಾವಣಿ) ಇಂಥದ್ದು. ಒಮ್ಮೆ ಒಂದು ಅಡಿಕೆ ಗೋಡೌನಿನ ಮಾಡು ಮೂಲೆಯಿಂದ ಕಿತ್ತು ಹೋದ ಮೇಲೆ ಅದರ ಡಿಸೈನ್ ಕಾಗದ ನನ್ನ ಕೈಗೆ ಬಂತು. ಯಾರು ಮಾಡಿದ್ದು ಅಂತ ಹೇಳುದು ಬೇಡ, ಕಾಳಜಿಯಿಂದಲೇ ಮಾಡಿದ ಲೆಕ್ಕ ಅದು, ವಿಂಡ್ ಟನೆಲ್ (ಕಟ್ಟಡದ ಸಣ್ಣ ಮಾದರಿ ಇಟ್ಟು ಗಾಳಿ ಬೀಸಿ ಒತ್ತಡ ಅಳೆಯುವ ಸುರಂಗ) ಡೇಟಾ ಕೂಡ ತೆಗೆದುಕೊಂಡಿದ್ರು. ಆದ್ರೆ ಮಾಡಿನ ಎಲ್ಲಾ ಜಾಗಕ್ಕೂ ಒಂದೇ ಪೀಕ್ ಫ್ಯಾಕ್ಟರ್ 3.5 ಹಾಕಿದ್ರು. ಪೀಕ್ ಫ್ಯಾಕ್ಟರ್ ಅಂದ್ರೆ ಅತಿ ದೊಡ್ಡ ಹೊಡೆತ ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ ಅಂತ ಹೇಳುವ ನಂಬರ್. ನಡುವಿಗೂ ಅಷ್ಟೇ, ಮೂಲೆಗೂ ಅಷ್ಟೇ. ಈ ತಪ್ಪು ಇನ್ನೊಬ್ಬರು ಮಾಡಬಾರದು ಅಂತಲೇ ಇದನ್ನು ಬರೀತಿದ್ದೇನೆ. ಎಂ.ಟೆಕ್ ಓದುವ ಮಕ್ಕಳಿಗೂ, ಫೀಲ್ಡಲ್ಲಿ ಇರುವವರಿಗೂ ಆಗುವ ಹಾಗೆ ಹೇಳ್ತೇನೆ, ಒಂದು ಉದಾಹರಣೆಯನ್ನು ಕೊನೆವರೆಗೆ ಹಿಡ್ಕೊಂಡು ಹೋಗುವ.

ಮೊದಲು ಗೌಸಿಯನ್ ಅಂದ್ರೆ ಎಂತ

ಗಾಳಿಯ ಒತ್ತಡ ಒಂದೇ ಸಮ ಇರುದಿಲ್ಲ, ಸರಾಸರಿಯ ಮೇಲೆ ಕೆಳಗೆ ಆಡ್ತಾ ಇರ್ತದೆ. ಆ ಆಟ ಎರಡೂ ಬದಿಗೆ ಸಮವಾಗಿದ್ದು, ದೊಡ್ಡ ಏರಿಳಿತ ತೀರಾ ಅಪರೂಪಕ್ಕೆ ಮಾತ್ರ ಬರುದಾದ್ರೆ ಅದು ಗಂಟೆ ಆಕಾರದ ಕರ್ವ್, ಅದೇ ಗೌಸಿಯನ್. ಅಂಥಾದ್ದಕ್ಕೆ ಸರಾಸರಿ ಮತ್ತೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯ ಸುತ್ತ ಆಟ ಎಷ್ಟು ಹರಡಿದೆ ಅನ್ನುವ ಅಳತೆ) ಎರಡು ಗೊತ್ತಿದ್ರೆ ಸಾಕು, ಎಲ್ಲಾ ಗೊತ್ತಾದ ಹಾಗೆ. ನಾನ್-ಗೌಸಿಯನ್ ಆದ್ರೆ ಇನ್ನೂ ಎರಡು ನಂಬರ್ ಬೇಕು. ಒಂದು ಸ್ಕ್ಯೂನೆಸ್, ಆಟ ಯಾವ ಬದಿಗೆ ವಾಲಿದೆ ಅಂತ ಹೇಳ್ತದೆ, ಗೌಸಿಯನ್ನಿಗೆ ಇದು 0. ಇನ್ನೊಂದು ಕರ್ಟೋಸಿಸ್, ಅಪರೂಪದ ದೊಡ್ಡ ಹೊಡೆತ ಎಷ್ಟು ಸಲ ಬರ್ತದೆ ಅಂತ ಹೇಳ್ತದೆ, ಗೌಸಿಯನ್ನಿಗೆ ಇದು 3.

ಗಾಳಿಯ ವೇಗವೇ ಗೌಸಿಯನ್ ಆಗಿದ್ರೂ ಒತ್ತಡ ಪೂರ್ತಿ ಗೌಸಿಯನ್ ಆಗುದಿಲ್ಲ, ಯಾಕಂದ್ರೆ ಒತ್ತಡ ವೇಗದ ವರ್ಗಕ್ಕೆ ಸಂಬಂಧಪಟ್ಟದ್ದು, ವರ್ಗ ಮಾಡಿದ ಕೂಡ್ಲೇ ಒಂದು ಬದಿಗೆ ವಾಲ್ತದೆ. ಟರ್ಬುಲೆನ್ಸ್, ಅಂದ್ರೆ ವೇಗದ ಏರಿಳಿತ, ಸರಾಸರಿ ವೇಗದ 20 ಶೇಕಡಾ ಇದ್ರೆ ಇದೊಂದರಿಂದಲೇ ಸ್ಕ್ಯೂನೆಸ್ ಸುಮಾರು 0.6 ಬರ್ತದೆ, 30 ಶೇಕಡಾ ಆದ್ರೆ 0.87ರ ಹತ್ತಿರ. ಆದ್ರೆ ಮೂಲೆಯ ಕಥೆ ಬೇರೆ. ಗಾಳಿ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಮೂಲೆಗೆ ಬಡಿದಾಗ ಎರಡು ಅಂಚಿನಿಂದಲೂ ಕೋನ್ ಆಕಾರದ ಸುಳಿ ಎದ್ದು ಮಾಡಿನ ಮೇಲೆ ಮಲಗ್ತದೆ. ಆ ಸುಳಿಯ ನಡುವಿನಲ್ಲಿ ಹೀರುವ ಶಕ್ತಿ ಭಯಂಕರ, ಮತ್ತೆ ಅದು ಒಂದೇ ಕಡೆ ನಿಲ್ಲುದಿಲ್ಲ, ಅತ್ತಿತ್ತ ಹೋಗ್ತದೆ, ಗಟ್ಟಿಯಾಗ್ತದೆ, ಸಡಿಲ ಆಗ್ತದೆ. ಹಾಗಾಗಿ ಮೂಲೆಯ ಒತ್ತಡದ ಗ್ರಾಫ್ ನೋಡಿದ್ರೆ ಸಾಧಾರಣ ಹೊತ್ತು ಸುಮ್ಮನೆ ಇದ್ದು ನಡುನಡುವೆ ಉದ್ದ ಮುಳ್ಳಿನ ಹಾಗೆ ಕೆಳಗೆ ಇಳಿದಿರ್ತದೆ.

ಕಂಗೋ (ಅಡಿಕೆ ಮರವೋ), ಶೀಟೋ?

ಲೆಕ್ಕಕ್ಕೆ ಕೂರುವ ಮೊದಲು ಈ ಪ್ರಶ್ನೆ ಕೇಳಿ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ಮುಖ್ಯ. ಜೋರು ಗಾಳಿಗೆ ತೋಟದಲ್ಲಿ ನಿಂತು ಕಂಗನ್ನು ನೋಡಿ. ಗಾಳಿ ಎಷ್ಟೇ ಗಡಿಬಿಡಿಯಲ್ಲಿ ಬಡಿದ್ರೂ ಕಂಗು ತನ್ನದೇ ತಾಳದಲ್ಲಿ ತೂಗ್ತದೆ, ಪ್ರತಿ ಹೊಡೆತಕ್ಕೂ ಬೇರೆ ಬೇರೆ ಉತ್ತರ ಕೊಡುದಿಲ್ಲ, ಹಿಂದಿನ ಹತ್ತಿಪ್ಪತ್ತು ಹೊಡೆತ ಎಲ್ಲಾ ಒಟ್ಟು ಸೇರಿ ಒಂದು ತೂಗಾಟ ಆಗಿರ್ತದೆ. ತುಂಬಾ ಸಂಗತಿ ಒಟ್ಟು ಕೂಡಿದ್ರೆ ಗೌಸಿಯನ್ ಕಡೆಗೆ ಹೋಗ್ತದೆ, ಇದು ಸ್ಟ್ಯಾಟಿಸ್ಟಿಕ್ಸಿನ ಹಳೇ ನಿಯಮ. ಹಾಗಾಗಿ ತೆಳ್ಳಗೆ ಉದ್ದಕ್ಕೆ ಇದ್ದು ಡ್ಯಾಂಪಿಂಗ್ (ತೂಗಾಟವನ್ನು ತಗ್ಗಿಸುವ ಗುಣ) ಕಡಿಮೆ ಇರುವ ಚಿಮಣಿ, ಟವರ್ ಇಂಥದ್ದರಲ್ಲಿ ರೆಸೊನೆನ್ಸ್ ಭಾಗ (ತನ್ನದೇ ತಾಳದಲ್ಲಿ ತೂಗುವ ಪಾಲು) ಜಾಸ್ತಿ ಇದ್ರೆ ಲೋಡ್ ನಾನ್-ಗೌಸಿಯನ್ ಆದ್ರೂ ರೆಸ್ಪಾನ್ಸ್ (ಲೋಡಿಗೆ ಸ್ಟ್ರಕ್ಚರ್ ಕೊಡುವ ಉತ್ತರ) ಹೆಚ್ಚುಕಡಿಮೆ ಗೌಸಿಯನ್ ಆಗಿ ಬರ್ತದೆ.

ಶೀಟ್ ಹಾಗಲ್ಲ. ಶೀಟು, ಸ್ಕ್ರೂ, ಪರ್ಲಿನ್ (ಶೀಟ್ ಕೂರುವ ಅಡ್ಡ ಪಟ್ಟಿ) ಎಲ್ಲಾ ಗಡುಸು, ಅವುಗಳ ಫ್ರೀಕ್ವೆನ್ಸಿ ಗಾಳಿಯ ಆಟಕ್ಕಿಂತ ತುಂಬಾ ಮೇಲೆ ಉಂಟು, ಗಾಳಿ ಕೊಟ್ಟ ಹೊಡೆತ ಹಾಗೇ ಸೀದಾ ಸ್ಕ್ರೂಗೆ ಹೋಗ್ತದೆ. ಲೋಡಿನ ಸ್ಕ್ಯೂನೆಸ್ಸೇ ರೆಸ್ಪಾನ್ಸಿನ ಸ್ಕ್ಯೂನೆಸ್. ಗಾಳಿಯ ಲೋಡಿಗೆ ಇರುವ ನಮ್ಮ ಭಾರತೀಯ ಕೋಡ್ ಐ.ಎಸ್. 875 ಭಾಗ 3 ಪ್ರಕಾರ ಎತ್ತರ ಅಗಲದ ಅನುಪಾತ ಸುಮಾರು 5 ದಾಟಿದ್ರೆ ಅಥವಾ ಮೊದಲನೇ ಫ್ರೀಕ್ವೆನ್ಸಿ 1 ಹರ್ಟ್ಜ್‌ಗಿಂತ ಕಡಿಮೆ ಇದ್ರೆ ಡೈನಮಿಕ್ ಲೆಕ್ಕ ನೋಡ್ಬೇಕು. ಜನ ಇದನ್ನು ಓದಿ ಸಣ್ಣ ಕಟ್ಟಡಕ್ಕೆ ಎಂತದೂ ಬೇಡ ಅಂತ ತಿಳ್ಕೊಳ್ತಾರೆ. ಡೈನಮಿಕ್ ಬೇಡ ಸರಿ, ಆದ್ರೆ ನಾನ್-ಗೌಸಿಯನ್ ತೊಂದರೆ ಜಾಸ್ತಿ ಇರುದು ಆ ಸಣ್ಣ ಗಡುಸು ಮಾಡಿನಲ್ಲೇ.

ಡೇಟಾ ತೆಗೆಯುದು, ನೋಡುದು

ನಮ್ಮ ಕೈಯಲ್ಲಿ ವಿಂಡ್ ಟನೆಲ್ ಇಲ್ಲ. ಐಐಟಿ ರೂರ್ಕಿಯಲ್ಲಿ ಉಂಟು, ಚೆನ್ನೈಯ ಸಿ.ಎಸ್.ಐ.ಆರ್. ಎಸ್.ಇ.ಆರ್.ಸಿ.ಯಲ್ಲಿ ಉಂಟು, ಆದ್ರೆ ಒಂದು ಗೋಡೌನಿಗೆ ಅಲ್ಲಿವರೆಗೆ ಯಾರೂ ಹೋಗುದಿಲ್ಲ. ಟೋಕಿಯೋ ಪಾಲಿಟೆಕ್ನಿಕ್ ಯೂನಿವರ್ಸಿಟಿಯವರು ತಗ್ಗು ಕಟ್ಟಡಗಳ ಟನೆಲ್ ಡೇಟಾ ಆನ್‌ಲೈನಲ್ಲಿ ಇಟ್ಟಿದ್ದಾರೆ, ಚಪ್ಪಟೆ ಮಾಡು, ಎರಡು ಇಳಿಜಾರಿನ ಮಾಡು, ನಾಲ್ಕು ಇಳಿಜಾರಿನ ಮಾಡು ಎಲ್ಲಾ ಉಂಟು, ಗಾಳಿಯ ಬೇರೆ ಬೇರೆ ದಿಕ್ಕಿಗೂ ಉಂಟು. ನಿಮ್ಮ ಕಟ್ಟಡದ ಆಕಾರಕ್ಕೆ ಹತ್ತಿರದ್ದು ಆರಿಸಿ. ದಿಕ್ಕು ಎಲ್ಲಾ ನೋಡಿ, ಮುಖ್ಯವಾಗಿ ಓರೆ ದಿಕ್ಕು ಬಿಡ್ಬೇಡಿ.

ಡೇಟಾ ಸಿಕ್ಕಿದ ಕೂಡ್ಲೇ ಲೆಕ್ಕಕ್ಕೆ ಹಾಕುದಲ್ಲ, ಮೊದಲು ಗ್ರಾಫ್ ಎಳೆದು ಕಣ್ಣಲ್ಲಿ ನೋಡಿ. ಉದ್ದ ಮುಳ್ಳು ಕಂಡ್ರೆ ಕೆಲವರು ಅದನ್ನು ಸೆನ್ಸರಿನ ತಪ್ಪು ಅಂತ ತೆಗೆದು ಬಿಸಾಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ನಮಗೆ ಬೇಕಾದ್ದೇ ಆ ಮುಳ್ಳು. ನಿಜವಾದ ಮುಳ್ಳಾದ್ರೆ ಅದಕ್ಕೆ ಸ್ವಲ್ಪ ಅಗಲ ಇರ್ತದೆ, ನಾಲ್ಕೈದು ಸ್ಯಾಂಪಲ್ ಸೇರಿ ಏರಿ ಇಳಿದಿರ್ತದೆ, ಪಕ್ಕದ ಟ್ಯಾಪಿನಲ್ಲೂ (ಮಾದರಿಯ ಮೇಲೆ ಒತ್ತಡ ಅಳೆಯುವ ತೂತು) ಅದೇ ಹೊತ್ತಿಗೆ ಅದರ ನೆರಳು ಕಾಣ್ತದೆ. ಒಂದೇ ಸ್ಯಾಂಪಲ್ ಹಾರಿದ್ದು, ಪಕ್ಕದಲ್ಲಿ ಎಂತದೂ ಇಲ್ಲ ಅಂತಾದ್ರೆ ಮಾತ್ರ ಕರೆಂಟಿನ ಗಲಾಟೆ ಅಂತ ಸಂಶಯ ಪಡಿ.

ಇನ್ನೊಂದು, ಫೀಲ್ಡಲ್ಲಿ ಅಳೆದ ಗಾಳಿಯಾದ್ರೆ ಸ್ಟೇಶನರಿ ಹೌದಾ ಅಂತ ನೋಡಿ, ಅಂದ್ರೆ ರೆಕಾರ್ಡನ್ನು ನಾಲ್ಕು ತುಂಡು ಮಾಡಿ ಪ್ರತಿ ತುಂಡಿನ ಸರಾಸರಿ, ಡೀವಿಯೇಶನ್ ಹೆಚ್ಚುಕಡಿಮೆ ಒಂದೇ ಉಂಟಾ ಅಂತ. ಆಟಿಯ (ಜುಲೈ-ಆಗಸ್ಟಿನ) ಗಾಳಿ ಗಂಟೆಗಟ್ಟಲೆ ಒಂದೇ ಕ್ರಮದಲ್ಲಿ ಬೀಸ್ತದೆ, ಅದು ಸರಿ. ಏಪ್ರಿಲ್ ಮೇಯ ಗುಡುಗಿನ ಗಾಳಿ ಹಾಗಲ್ಲ, ಹತ್ತು ನಿಮಿಷದಲ್ಲಿ ಬಂದು ಅಡಿಮೇಲು ಮಾಡಿ ಹೋಗ್ತದೆ, ಅಂಥ ರೆಕಾರ್ಡಿಗೆ ಸೀದಾ ಕರ್ಟೋಸಿಸ್ ತೆಗೆದ್ರೆ ದೊಡ್ಡ ನಂಬರ್ ಬರ್ತದೆ, ಆದ್ರೆ ಅದು ಸುಳಿಯ ಮುಳ್ಳಿನಿಂದ ಬಂದದ್ದಲ್ಲ, ಸರಾಸರಿಯೇ ಬದಲಾದ್ದರಿಂದ ಬಂದದ್ದು.

ಎಷ್ಟು ಜಾಗದ ಒತ್ತಡ?

ಒಂದು ಟ್ಯಾಪ್ ಒಂದು ಬಿಂದುವಿನ ಒತ್ತಡ ಹೇಳ್ತದೆ. ಸ್ಕ್ರೂಗೆ ಬರುದು ಅದರ ಪಾಲಿನ ಜಾಗದ ಒತ್ತಡ, ಪರ್ಲಿನ್‌ಗೆ ಇನ್ನೂ ದೊಡ್ಡ ಜಾಗದ್ದು. ಹಾಗಾಗಿ ಆ ಜಾಗದ ಟ್ಯಾಪುಗಳನ್ನು ಕ್ಷಣ ಕ್ಷಣಕ್ಕೂ ಸೇರಿಸಿ ಒಂದು ಹೊಸ ಸೀರೀಸ್ ಮಾಡಿ, ಆಮೇಲೆ ಅದರ ಸ್ಕ್ಯೂನೆಸ್ ಕರ್ಟೋಸಿಸ್ ತೆಗೆಯಿರಿ. ಬೇರೆ ಬೇರೆ ಟ್ಯಾಪಿನ ಪೀಕ್ ತೆಗೆದು ಸರಾಸರಿ ಮಾಡುದಲ್ಲ. ಟ್ಯಾಪ್ ಕಡಿಮೆ ಇದ್ರೆ ಲಾಸನ್ ಅವರ ಸೂತ್ರದಿಂದ ಸಮಯದಲ್ಲಿ ಸರಾಸರಿ ಮಾಡ್ಬಹುದು, ಸಮಯ = 4.5 × ಉದ್ದ ÷ ವೇಗ. 1.2 ಮೀಟರ್ ಉದ್ದದ ತುಂಡು, 26 ಮೀಟರ್ ಪ್ರತಿ ಸೆಕೆಂಡ್ ಗಾಳಿ ಆದ್ರೆ 0.2 ಸೆಕೆಂಡ್.

ಟೆರೇಸಿನ ಶೀಟಿಗೆ ಇಲ್ಲಿ ಒಂದು ವಿಶೇಷ ಉಂಟು, ಬದಿ ತೆರೆದಿರ್ತದಲ್ವಾ, ಗಾಳಿ ಅಡಿಯಿಂದ ಎತ್ತುದು ಮೇಲಿಂದ ಹೀರುದು ಎರಡೂ ಸೇರ್ತದೆ. ಮುಚ್ಚಿದ ಕಟ್ಟಡದ ಡೇಟಾ ಅದಕ್ಕೆ ಆಗುದಿಲ್ಲ. ಮೇಲಿನ ಸೀರೀಸಿನಿಂದ ಕೆಳಗಿನ ಸೀರೀಸ್ ಕ್ಷಣ ಕ್ಷಣಕ್ಕೆ ಕಳೆದು ಉಳಿದ ಒತ್ತಡಕ್ಕೆ ಲೆಕ್ಕ ಮಾಡ್ಬೇಕು. ನಾವು ಈಗ ಉದಾಹರಣೆಗೆ ಗೋಡೆ ಇರುವ ಗೋಡೌನನ್ನೇ ಇಟ್ಕೊಳ್ಳುವ.

ಕರ್ಟೋಸಿಸ್ ತೆಗೆಯುವಾಗ ಜಾಗ್ರತೆ

ಎಕ್ಸೆಲ್‌ನಲ್ಲಿ ಕರ್ಟೋಸಿಸ್ ಫಂಕ್ಷನ್ ಕೊಡುದು 3 ಕಳೆದು ಉಳಿದದ್ದು. ಪೈಥಾನಿನ ಸೈಪೈ ಕೂಡ ನೀವು ಎಂತದೂ ಹೇಳದಿದ್ರೆ 3 ಕಳೆದೇ ಕೊಡ್ತದೆ. ಮ್ಯಾಟ್‌ಲ್ಯಾಬ್ ಮಾತ್ರ ಕಳೆಯದೆ ಕೊಡ್ತದೆ. ಇದು ಗೊತ್ತಿಲ್ಲದೆ ಒಂದರಿಂದ ತೆಗೆದು ಇನ್ನೊಂದರ ಸೂತ್ರಕ್ಕೆ ಹಾಕಿದ್ರೆ ಉತ್ತರ ಎಲ್ಲೋ ಹೋಗ್ತದೆ, ಎಷ್ಟು ಅಂತ ಕೆಳಗೆ ತೋರಿಸ್ತೇನೆ. ಪರೀಕ್ಷೆ ಮಾಡ್ಲಿಕ್ಕೆ ಸುಲಭ, ಒಂದು ಲಕ್ಷ ಗೌಸಿಯನ್ ರ್ಯಾಂಡಮ್ ನಂಬರ್ ಹಾಕಿ ನೋಡಿ, 0 ಬಂತಾ 3 ಬಂತಾ. ಮತ್ತೆ ಹೀರುವ ಒತ್ತಡ ಮೈನಸ್ಸಿನಲ್ಲಿ ಇರುದರಿಂದ ಸ್ಕ್ಯೂನೆಸ್ ಕೂಡ ಮೈನಸ್ ಬರ್ತದೆ, ಲೆಕ್ಕಕ್ಕೆ ಮೊದಲು ಇಡೀ ಸೀರೀಸಿನ ಚಿಹ್ನೆ ತಿರುಗಿಸಿ ಇಟ್ಕೊಳ್ಳಿ. ಒಂದೇ ರೆಕಾರ್ಡಿನ ಕರ್ಟೋಸಿಸ್ ನಂಬ್ಬೇಡಿ, ಒಂದು ದೊಡ್ಡ ಮುಳ್ಳು ಇದ್ದಾ ಇಲ್ವಾ ಅನ್ನುದರ ಮೇಲೆ ಅದು ತುಂಬಾ ಆಡ್ತದೆ, ಎಷ್ಟು ಸಿಗ್ತದೋ ಅಷ್ಟು ರೆಕಾರ್ಡಿನ ಸರಾಸರಿ ತೆಗೆಯಿರಿ.

ಪೀಕ್ ಫ್ಯಾಕ್ಟರ್

ಈಗ ಅಸಲು ಲೆಕ್ಕ. ಗೌಸಿಯನ್ ಪೀಕ್ ಫ್ಯಾಕ್ಟರ್ 1964ರಲ್ಲಿ ಡೇವನ್‌ಪೋರ್ಟ್ ಕೊಟ್ಟದ್ದು. ಸೆಕೆಂಡಿಗೆ ಎಷ್ಟು ಸಲ ಸೀರೀಸ್ ತನ್ನ ಸರಾಸರಿಯನ್ನು ಮೇಲ್ಮುಖವಾಗಿ ದಾಟ್ತದೆ ಅಂತ ಎಣಿಸಿ, ಅದನ್ನು ಒಟ್ಟು ಸೆಕೆಂಡಿನಿಂದ ಗುಣಿಸಿ, ಸಿಕ್ಕಿದ ಸಂಖ್ಯೆಯ ನ್ಯಾಚುರಲ್ ಲಾಗ್ ತೆಗೆದು ಎರಡರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಆ ವರ್ಗಮೂಲಕ್ಕೆ, 0.5772ನ್ನು ಅದೇ ವರ್ಗಮೂಲದಿಂದ ಭಾಗಿಸಿದ್ದನ್ನು ಕೂಡಿಸಿ. ಸೆಕೆಂಡಿಗೆ 1 ಸಲ, 600 ಸೆಕೆಂಡ್ ಆದ್ರೆ 3.58 + 0.16, ಅಂದ್ರೆ 3.74. ಎಲ್ಲರೂ ಹಾಕುವ ಮೂರೂವರೆ ನಾಲ್ಕು ಬಂದದ್ದು ಇಲ್ಲಿಂದ.

ಇದನ್ನು ನಾನ್-ಗೌಸಿಯನ್ನಿಗೆ ತಿರುಗಿಸ್ಲಿಕ್ಕೆ 1988ರಲ್ಲಿ ವಿಂಟರ್‌ಸ್ಟೈನ್ ಕೊಟ್ಟ ಹರ್ಮೈಟ್ ಮಾಡೆಲ್ ಉಂಟು, ಕೈಯಲ್ಲೇ ಮಾಡ್ಬಹುದು. ಮೊದಲು ಒಂದು ವರ್ಗಮೂಲ:

ವ = √(1 + 1.5 × (ಕರ್ಟೋಸಿಸ್ − 3))

ಎಚ್3 = ಸ್ಕ್ಯೂನೆಸ್ ÷ (4 + 2ವ)

ಎಚ್4 = (ವ − 1) ÷ 18

ಕಪ್ಪಾ = 1 ÷ √(1 + 2 × ಎಚ್3² + 6 × ಎಚ್4²)

ಹೊಸ ಫ್ಯಾಕ್ಟರ್ = ಕಪ್ಪಾ × [ಗ + ಎಚ್3 × (ಗ² − 1) + ಎಚ್4 × (ಗ³ − 3ಗ)]

ಇಲ್ಲಿ ಗ ಅಂದ್ರೆ ಗೌಸಿಯನ್ ಫ್ಯಾಕ್ಟರ್, ನಮ್ಮದು 3.74. ನಮ್ಮ ಗೋಡೌನಿನ ಮೂಲೆಗೆ ಲೆಕ್ಕ ತೋರಿಸ್ಲಿಕ್ಕೆ ಬೇಕಾಗಿ ಸ್ಕ್ಯೂನೆಸ್ 1.2, ಕರ್ಟೋಸಿಸ್ 6 ಅಂತ ಇಟ್ಕೊಳ್ಳುವ. ವ 2.345, ಎಚ್3 0.138, ಎಚ್4 0.0747, ಕಪ್ಪಾ 0.966. ಎಲ್ಲಾ ಹಾಕಿದ್ರೆ ಬರುದು 8.3. 3.74 ಎಲ್ಲಿ, 8.3 ಎಲ್ಲಿ! ಎರಡು ಪಾಲಿಗಿಂತ ಜಾಸ್ತಿ. ನಾನು ಮೊದಲ ಸಲ ಇದನ್ನು ಮಾಡಿದಾಗ ತಪ್ಪಾಗಿರ್ಬೇಕು ಅಂತ ಮೂರು ಸಲ ಪುನಃ ಮಾಡಿ ನೋಡಿದ್ದೆ.

ಮೇಲೆ ಹೇಳಿದ ಕರ್ಟೋಸಿಸ್ ತಪ್ಪು ಇಲ್ಲಿ ಮಾಡಿದ್ರೆ, ಅಂದ್ರೆ ಎಕ್ಸೆಲ್ ಕೊಟ್ಟ 3ನ್ನು ಪೂರ್ತಿ ಕರ್ಟೋಸಿಸ್ ಅಂತ ಹಾಕಿದ್ರೆ ಎಚ್4 ಸೊನ್ನೆ ಆಗಿ ಫ್ಯಾಕ್ಟರ್ 6.1ಕ್ಕೆ ಇಳೀತದೆ. ಎರಡಕ್ಕಿಂತ ಜಾಸ್ತಿ ಗೊತ್ತಿಲ್ಲದೆ ಮಾಯ.

ಈ ಮಾಡೆಲ್ ಎಲ್ಲಾ ಕಡೆ ನಡೀಲಿಕ್ಕಿಲ್ಲ. ಗ ಹೆಚ್ಚಾಗ್ತಾ ಹೋದ ಹಾಗೆ ಉತ್ತರವೂ ಹೆಚ್ಚಾಗ್ತಲೇ ಹೋಗ್ಬೇಕು, ಮೈನಸ್ 5ರಿಂದ ಪ್ಲಸ್ 5ರವರೆಗೆ ಒಂದು ಗ್ರಾಫ್ ಎಳೆದು ನೋಡಿ, ಎಲ್ಲಿಯಾದ್ರೂ ಬಗ್ಗಿ ಕೆಳಗೆ ಇಳಿದ್ರೆ ಆ ಸ್ಕ್ಯೂನೆಸ್ ಕರ್ಟೋಸಿಸ್ ಜೋಡಿಗೆ ಈ ಸೂತ್ರ ಆಗುದಿಲ್ಲ. ಕರ್ಟೋಸಿಸ್ 3ಕ್ಕಿಂತ ಕಡಿಮೆ ಬಂದ್ರೆ ಅದಕ್ಕೂ ಈ ಸೂತ್ರ ಹಾಕ್ಬೇಡಿ, ಅದು ಬೇರೆ ಜಾತಿ. ಸಾದೆಕ್ ಮತ್ತೆ ಸಿಮಿಯು 2002ರಲ್ಲಿ ತಗ್ಗು ಕಟ್ಟಡಕ್ಕೆ ಅಂತ ಗಾಮಾ ಡಿಸ್ಟ್ರಿಬ್ಯೂಶನ್ ಉಪಯೋಗಿಸಿದ ಕ್ರಮ ತೋರಿಸಿದ್ದಾರೆ, ಅದನ್ನೂ ಮಾಡಿ ಎರಡೂ ಹತ್ತಿರ ಹತ್ತಿರ ಬರ್ತದಾ ಅಂತ ನೋಡುದು ಒಳ್ಳೇದು.

ಒತ್ತಡಕ್ಕೆ ತರುದು

ಮೂಲೆಯ ಸರಾಸರಿ ಕೋಎಫಿಶಿಯೆಂಟ್ (ಮಾಡಿನ ಮೇಲಿನ ಒತ್ತಡವನ್ನು ಗಾಳಿಯ ವೇಗದ ಒತ್ತಡದಿಂದ ಭಾಗಿಸಿದ್ದು) −0.9, ಡೀವಿಯೇಶನ್ 0.35 ಅಂತ ಇಟ್ಕೊಂಡ್ರೆ ಗೌಸಿಯನ್ ಪೀಕ್ −2.21, ಹರ್ಮೈಟ್ ಪೀಕ್ −3.81. ಇದನ್ನು ಯಾವ ಒತ್ತಡದಿಂದ ಗುಣಿಸುದು? ಇಲ್ಲಿ ತುಂಬಾ ಜನ ಎಡವ್ತಾರೆ. ಐ.ಎಸ್. 875ರ ಮ್ಯಾಪಿನಲ್ಲಿ ನಮ್ಮ ಮಂಗಳೂರು, ಕಲ್ಲಿಕೋಟೆ ಎರಡಕ್ಕೂ ಮೂಲ ವೇಗ 39 ಮೀಟರ್ ಪ್ರತಿ ಸೆಕೆಂಡ್, ನಡುವಿನ ಕಾಸರಗೋಡಿಗೂ ನಾನು ಅದನ್ನೇ ಹಾಕುದು. ಅದು 3 ಸೆಕೆಂಡಿನ ಗಸ್ಟ್ (ಒಮ್ಮೆಲೇ ಜೋರಾಗಿ ಬೀಸುವ ಗಾಳಿ), ಅಂದ್ರೆ ಅದರಲ್ಲಿ ಹೊಡೆತ ಆಗಲೇ ಸೇರಿದೆ. ಅದರ ಒತ್ತಡ 0.6 × 39², ಸುಮಾರು 913 ಪ್ಯಾಸ್ಕಲ್. ಆದ್ರೆ ಟನೆಲಿನ ಕೋಎಫಿಶಿಯೆಂಟ್ ಸರಾಸರಿ ವೇಗಕ್ಕೆ ಸಂಬಂಧಪಟ್ಟದ್ದು. ಅದನ್ನು 913ರಿಂದ ಗುಣಿಸಿದ್ರೆ ಹೊಡೆತ ಎರಡು ಸಲ ಲೆಕ್ಕ ಆಯ್ತು. ಬಯಲು ಜಾಗದಲ್ಲಿ 10 ಮೀಟರ್ ಎತ್ತರಕ್ಕೆ ಕೋಡಿನ ಪ್ರಕಾರ ಗಂಟೆಯ ಸರಾಸರಿ ಮೂಲ ವೇಗದ 0.67 ಪಾಲು, ಅಂದ್ರೆ ಸುಮಾರು 26, ಅದರ ಒತ್ತಡ 410ರ ಹತ್ತಿರ. (10 ನಿಮಿಷದ ಸರಾಸರಿ ಇದಕ್ಕಿಂತ ತುಸು ಜಾಸ್ತಿ, ಪಕ್ಕಾ ಲೆಕ್ಕದಲ್ಲಿ ಅದನ್ನೂ ಸರಿ ಮಾಡಿ.)

410ರಿಂದ ಗುಣಿಸಿದ್ರೆ ಗೌಸಿಯನ್ನಿಗೆ ಸುಮಾರು 910, ಹರ್ಮೈಟಿಗೆ ಸುಮಾರು 1560 ಪ್ಯಾಸ್ಕಲ್. ಪರ್ಲಿನ್ 1.2 ಮೀಟರಿಗೆ ಒಂದು, ಅದರಲ್ಲಿ ಸ್ಕ್ರೂ 30 ಸೆಂಟಿಮೀಟರಿಗೆ ಒಂದು ಅಂತಾದ್ರೆ ಒಂದು ಸ್ಕ್ರೂವಿನ ಪಾಲು 0.36 ಚದರ ಮೀಟರ್. ಗೌಸಿಯನ್ ಲೆಕ್ಕದಲ್ಲಿ ಆ ಸ್ಕ್ರೂವನ್ನು 33 ಕಿಲೋ ಎಳೀತದೆ, ನಿಜವಾಗಿ ಎಳೆಯುದು 57 ಕಿಲೋ. ಮೂಲೆ ಮೊದಲು ಹಾರುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ನಿಮ್ಮ ಜಾಗ ಪದವಿನ (ಎತ್ತರದ ಬಯಲಿನ) ಅಂಚಿನಲ್ಲೋ ಗುಡ್ಡೆಯ ತಲೆಯಲ್ಲೋ ಇದ್ರೆ ಇನ್ನೂ ಜಾಸ್ತಿ. ಇಳಿಜಾರು 3 ಡಿಗ್ರಿ ದಾಟಿದ್ರೆ ಕೋಡಿನಲ್ಲಿ ಕೆ3 ಅನ್ನುವ ಫ್ಯಾಕ್ಟರ್ 1.36ರವರೆಗೆ ಹೋಗ್ತದೆ, ಅದು ವೇಗಕ್ಕೆ, ಒತ್ತಡಕ್ಕೆ ವರ್ಗ ಆಗ್ತದೆ. ನಮ್ಮಲ್ಲಿ ಅರ್ಧ ಊರೇ ಗುಡ್ಡೆಯ ಮೇಲೆ ಇರುವಾಗ ಇದನ್ನು 1 ಅಂತ ಹಾಕಿ ಬಿಡುದು ನ್ಯಾಯ ಅಲ್ಲ.

ಟ್ರಸ್ಸಿಗೆ (ಪರ್ಲಿನ್ ಹೊರುವ ದೊಡ್ಡ ಚೌಕಟ್ಟಿಗೆ) ಹೋದಾಗ

ದೊಡ್ಡ ಜಾಗದ ಲೋಡ್ ಒಟ್ಟು ಸೇರುವಾಗ ಮುಳ್ಳು ಒಂದನ್ನೊಂದು ತಗ್ಗಿಸ್ತದೆ. ಒಂದೇ ತರದ, ಒಂದಕ್ಕೊಂದು ಸಂಬಂಧ ಇಲ್ಲದ 9 ತುಂಡು ಸೇರಿದ್ರೆ ಸ್ಕ್ಯೂನೆಸ್ ಮೂರನೇ ಒಂದು ಪಾಲಿಗೆ ಇಳೀತದೆ, 3 ಕಳೆದ ಕರ್ಟೋಸಿಸ್ ಒಂಬತ್ತನೇ ಒಂದು ಪಾಲಿಗೆ. ನಮ್ಮ 1.2 ಮತ್ತೆ 6 ಇದ್ದದ್ದು 0.4 ಮತ್ತೆ 3.33 ಆಗ್ತದೆ, ಫ್ಯಾಕ್ಟರ್ 8.3ರಿಂದ 5ಕ್ಕೆ ಬರ್ತದೆ. ಆದ್ರೂ 3.74 ಅಲ್ಲ, ನೋಡಿ. ಮತ್ತೆ ನಿಜವಾದ ಮಾಡಿನಲ್ಲಿ ಒಂದೇ ಸುಳಿಯ ಅಡಿಯಲ್ಲಿ ಇರುವ ತುಂಡುಗಳಿಗೆ ಒಂದಕ್ಕೊಂದು ಸಂಬಂಧ ಉಂಟು, ಹಾಗಾಗಿ ಇಷ್ಟು ಬೇಗ ಇಳಿಯುದಿಲ್ಲ. ಸರಿಯಾದ ದಾರಿ ಅಂದ್ರೆ ಪ್ರತಿ ಟ್ಯಾಪಿನ ಸೀರೀಸನ್ನು ಅದರ ಇನ್‌ಫ್ಲುಯೆನ್ಸ್ ಕೋಎಫಿಶಿಯೆಂಟಿನಿಂದ (ಅಲ್ಲಿಯ ಒಂದು ಪಾಲು ಲೋಡಿಗೆ ಮೆಂಬರಿನಲ್ಲಿ ಬರುವ ಬಲ) ಗುಣಿಸಿ ಕೂಡಿಸಿ, ಮೆಂಬರಿನ ಬಲದ ಸೀರೀಸ್ ಮಾಡಿ, ಪೀಕ್ ಫ್ಯಾಕ್ಟರ್ ಅದಕ್ಕೇ ತೆಗೆಯುದು.

ಕಂಗಿನ ಜಾತಿಯ ಸ್ಟ್ರಕ್ಚರ್ ಆದ್ರೆ ಟೈಮ್ ಹಿಸ್ಟರಿ ಬೇಕಾಗ್ತದೆ. ಸ್ಪೆಕ್ಟ್ರಮ್‌ನಿಂದ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಆಟ ಉಂಟು ಅನ್ನುವ ಪಟ್ಟಿ) ಗೌಸಿಯನ್ ಸೀರೀಸ್ ಮಾಡಿ, ಅದನ್ನು ಇದೇ ಹರ್ಮೈಟ್ ಸೂತ್ರದಿಂದ ತಿರುಗಿಸಿದ್ರೆ ನಾನ್-ಗೌಸಿಯನ್ ಗಾಳಿ ಸಿಗ್ತದೆ, ಆದ್ರೆ ತಿರುಗಿಸಿದಾಗ ಸ್ಪೆಕ್ಟ್ರಮ್ ಸ್ವಲ್ಪ ಕೆಡ್ತದೆ, ಪುನಃ ಹೋಲಿಸಿ ಎರಡು ಮೂರು ಸುತ್ತು ಸರಿ ಮಾಡ್ಬೇಕು. ಆಮೇಲೆ ನ್ಯೂಮಾರ್ಕ್ ಕ್ರಮದಲ್ಲಿ (ಹೆಜ್ಜೆ ಹೆಜ್ಜೆಯಾಗಿ ಚಲನೆ ಲೆಕ್ಕ ಹಾಕುವ ಕ್ರಮ) ರೆಸ್ಪಾನ್ಸ್ ತೆಗೆದು, ಒಂದೇ ಓಟದ ಮ್ಯಾಕ್ಸಿಮಮ್ ನಂಬದೆ ಹತ್ತಿಪ್ಪತ್ತು ಓಟದ ಮ್ಯಾಕ್ಸಿಮಮ್ ಎಲ್ಲಾ ತೆಗೆದು ಗುಂಬೆಲ್ ಕರ್ವಿಗೆ (ಮ್ಯಾಕ್ಸಿಮಮ್‌ಗಳು ಹೇಗೆ ಹರಡ್ತವೆ ಅಂತ ಹೇಳುವ ಕರ್ವ್) ಕೂರಿಸಿ.

ಒಂದು ದೊಡ್ಡ ಹೊಡೆತಕ್ಕೆ ತಡೆದ್ರೆ ಸಾಕಾ? ಸಾಲದು. 1974ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಊರಿಗೆ ಟ್ರೇಸಿ ಚಂಡಮಾರುತ ಬಡಿದಾಗ ಶೀಟುಗಳು ಸ್ಕ್ರೂವಿನ ಸುತ್ತ ಬಿರುಕು ಬಿಟ್ಟು ಕಳಚಿ ಹೋದವು, ಪುನಃ ಪುನಃ ಎಳೆದು ಬಿಟ್ಟದ್ದರಿಂದ ಆದ ಫೆಟಿಗ್ ಅದು. ಮುಳ್ಳು ಜಾಸ್ತಿ ಇರುವ ಗಾಳಿಯಲ್ಲಿ ದೊಡ್ಡ ಸೈಕಲ್ಲೂ ಜಾಸ್ತಿ, ರೈನ್‌ಫ್ಲೋ ಕ್ರಮದಲ್ಲಿ (ಏರಿಳಿತದ ಸೈಕಲ್ ಎಣಿಸುವ ಕ್ರಮ) ಎಣಿಸಿದ್ರೆ ಕಾಣ್ತದೆ. ನಮ್ಮಲ್ಲಿ ಅಂಥ ಚಂಡಮಾರುತ ಇಲ್ಲ ಅಂತ ಹೇಳ್ಬಹುದು, ಆದ್ರೆ ಮೂರು ತಿಂಗಳ ಮಳೆಗಾಲ ವರ್ಷ ವರ್ಷ ಬರ್ತದೆ, ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡೀತದೆ, ರಬ್ಬರ್ ವಾಷರ್ ಬಿಸಿಲಿಗೆ ಒಡೀತದೆ.

ಹೊಸ ಮಾಡಿಗೆ ಡ್ರಾಯಿಂಗ್ ಕೊಡುವಾಗ ಮೂಲೆ, ಅಂಚು, ಕೋಡಿ (ಮಾಡಿನ ನೆತ್ತಿ) ಇವಿಷ್ಟಕ್ಕೆ ಬೇರೆಯೇ ಬಣ್ಣ ಹಾಕಿ ಸ್ಕ್ರೂವಿನ ಅಂತರ ಅರ್ಧ ಮಾಡಿ ಬರೆಯಿರಿ, ಅಲ್ಲಿ ಅಗಲದ ವಾಷರ್ ಹಾಕ್ಲಿಕ್ಕೆ ಹೇಳಿ, ಪರ್ಲಿನ್ನಿನ ವೆಲ್ಡಿಂಗ್ ನೀವೇ ಹೋಗಿ ನೋಡಿ. ಇದಕ್ಕೆ ಬೀಳುವ ಖರ್ಚು ಇಡೀ ಮಾಡಿನ ಲೆಕ್ಕದಲ್ಲಿ ತುಂಬಾ ಸಣ್ಣದು. ಹಳೇ ಮಾಡು ಇರುವವರು ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುನಾಡಿನ ವಿಶೇಷ ದಿನ) ಮೊದಲು ಒಂದು ದಿನ ಏಣಿ ಇಟ್ಟು ಹತ್ತಿ, ನಾಲ್ಕು ಮೂಲೆಯ ಸ್ಕ್ರೂ ಮಾತ್ರ ಕೈಯಲ್ಲಿ ತಿರುಗಿಸಿ ನೋಡಿ, ಸಡಿಲ ಇದ್ರೆ ಅದೇ ತೂತಿಗೆ ಪುನಃ ಬಿಗಿಯುದು ಬೇಡ, ಎರಡು ಇಂಚು ಆಚೆ ಹೊಸ ಸ್ಕ್ರೂ ಹಾಕಿ ಹಳೇ ತೂತು ಮುಚ್ಚಿ.